ಚಳ್ಳಕೆರೆಗೆ ಹೋದ ನನ್ನ ಮಗ್ಗ

ಆಗ ನನಗೆ ಅರವತ್ತೆರಡು. ನಾಲ್ಕು ವರ್ಷದ ಹಿಂದಿನ ಮಾತು. ಮೊಳಕಾಲ್ಮೂರಿನ ನಮ್ಮ ಮನೆಯ ಗುಂಡಿ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುವುದು ನನ್ನ ಕೆಲಸ. ಗುಂಡಿ ಮಗ್ಗ ಎಂದರೆ ನೆಲ ಅಗೆದು ಕೂರಿಸಿದ್ದು. ಗುಂಡಿಯೊಳಗೆ ಕಾಲು ಇಳಿಬಿಟ್ಟು ತುಳಿಯಬೇಕು. ಅದನ್ನು ಪಕ್ಕದ ಕೋಣೆಗೂ ಒಯ್ಯಲಾಗದು. ಅಂಥ ಮಗ್ಗ ಪಕ್ಕದ ತಾಲ್ಲೂಕಿನ ಚಳ್ಳಕೆರೆಯಲ್ಲಿದೆ ಎಂದು ಒಂದು ಟ್ಯಾಬ್ ಹೇಳಿತು.

ಆ ವರ್ಷ ಮನೆಮನೆಯ ಮಗ್ಗ ಎಣಿಸಲು ಸಮೀಕ್ಷೆಯವರೊಬ್ಬರು ಬಂದಿದ್ದರು. ಕೈಯಲ್ಲಿ ಟ್ಯಾಬ್, ಹೆಗಲ ಚೀಲದಲ್ಲಿ ಇಂಟರ್‌ನೆಟ್ಟಿಗೆಂದು ಸಣ್ಣ ವೈಫೈ ಡಬ್ಬಿ. ಮಗ್ಗದ ಫೋಟೊ ತೆಗೆದರೆ ಅದಿರುವ ಊರನ್ನು ಟ್ಯಾಬ್ ತಾನೇ ದಾಖಲಿಸಿಕೊಳ್ಳುತ್ತದಂತೆ. ಮುಂದಿನ ತಿಂಗಳು ನಾನು ಕೈಮಗ್ಗ ಇಲಾಖೆಯ ಕಚೇರಿಗೆ ನೂಲು ತರಲು ಹೋದರೆ ಕೊಡಲಿಲ್ಲ. ಬೇರೆ ಊರಿನ ಮಗ್ಗ ತೋರಿಸಿ ನೇಕಾರರ ಕಾರ್ಡು ಪಡೆದಿದ್ದೇನಂತೆ, ಅದು ರದ್ದಾಗುತ್ತದಂತೆ. ಮದುವೆಯಾಗಿ ಬಂದಾಗಿನಿಂದ ಅದೇ ಗುಂಡಿಯಲ್ಲಿ ಕಾಲು ಸವೆಸಿದವಳಿಗೆ ಕಳ್ಳಿ ಎಂಬ ಹೆಸರು! ಕಾರ್ಡು ಹೋದರೆ ನೂಲಿಲ್ಲ. ನೂಲಿಲ್ಲದಿದ್ದರೆ ಆ ಗುಂಡಿಗೆ ಮಣ್ಣು ಮುಚ್ಚುವುದೇ.

ದಿನಾ ಹೋಗಿ ಕಚೇರಿಯ ಬಾಗಿಲಲ್ಲಿ ಕೂತೆ. ಕೊನೆಗೆ ಅದೇ ಸಮೀಕ್ಷೆಯವರು ಅದೇ ಟ್ಯಾಬ್, ಅದೇ ಚೀಲ ಹಿಡಿದು ಮನೆಗೆ ಬಂದರು. ಮಗ್ಗದ ಪಕ್ಕ ನಿಂತು ಒತ್ತಿದರು. ನಕ್ಷೆಯ ನೀಲಿ ಚುಕ್ಕಿ ಮತ್ತೆ ಚಳ್ಳಕೆರೆಯ ಮೇಲೇ ಕೂತಿತು. ಅಷ್ಟು ಕೂಡಿಸಿ ಓದಲು ನನಗೂ ಬರುತ್ತದೆ.

“ನೋಡಜ್ಜಿ, ಉಪಗ್ರಹನೇ ಹೇಳ್ತೈತೆ. ನಾನೇನ್ ಮಾಡ್ಲಿ?”

“ಹಂಗಾದ್ರೆ ನೀನೂ ಈಗ ಚಳ್ಳಕೆರೇಲಿ ನಿಂತಿದ್ದೀಯೇನಪ್ಪಾ? ಒಂದ್ ಹೆಜ್ಜೆ ಹಿಂದಕ್ಕಿಡು, ಗುಂಡಿಗೆ ಬಿದ್ದಾಗ ಯಾವೂರು ಅಂತ ಗೊತ್ತಾಗ್ತೈತೆ.”

ಅವರು ನಗಲಿಲ್ಲ. “ಇದ್ರಾಗೆ ಬಂದಿದ್ದೇ ಬರೀಬೇಕು” ಎಂದರು. ಕಣ್ಣೆದುರಿನ ಮಗ್ಗ ಲೆಕ್ಕಕ್ಕಿಲ್ಲ! ನನಗೆ ಮೈಯೆಲ್ಲ ಉರಿಯಿತು. ಅವರನ್ನು ಕರೆದುಕೊಂಡು ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಮಾಡುವ ಮಹಬೂಬನ ಅಂಗಡಿಗೆ ಹೋದೆ. ಅವನು ಟ್ಯಾಬಿನ ಬೆನ್ನ ಮೇಲಿನ ಮಾಡೆಲ್ ನಂಬರ್ ನೋಡಿ ತನ್ನ ಫೋನಿನಲ್ಲಿ ಹುಡುಕಿದ.

“ಸಾಬ್, ಇದ್ರಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ. ಕೆಲವು ಟ್ಯಾಬಲ್ಲಿ ಇರ್ತೈತೆ, ಇದು ಬರೀ ವೈಫೈದು. ಉಪಗ್ರಹಕ್ಕೂ ಇದಕ್ಕೂ ಮಾತೇ ಇಲ್ಲ. ಈ ಡಬ್ಬಿ ಎಲ್ಲಿದು?”

“ಚಳ್ಳಕೆರೆ ಆಫೀಸಿಂದು.”

“ಅದೇ ಮತ್ತೆ! ಡಬ್ಬಿ ಮೊದ್ಲು ಇದ್ದಿದ್ದು ಅಲ್ಲಿ, ನಕ್ಷೆ ಲೆಕ್ಕದಲ್ಲಿ ಇನ್ನೂ ಅಲ್ಲೇ ಐತೆ. ಅದು ಕಂಡ್ರೆ ಸಾಕು, ಇದು ಚಳ್ಳಕೆರೆ ಅಂತ ಟ್ಯಾಬು ಅಂದಾಜು ಹಾಕ್ತೈತೆ.”

ಅಂದಾಜು! ಅದಕ್ಕೆ ನನ್ನನ್ನು ಕಳ್ಳಿ ಮಾಡಿದ್ದರು.

ಸಮೀಕ್ಷೆಯವರು ಮನೆಗೆ ಮರಳಿ, ಚಿಪ್ ಇದ್ದ ತಮ್ಮ ಸ್ವಂತ ಫೋನಿನಲ್ಲಿ ಫೋಟೊ ತೆಗೆದರು. ಚುಕ್ಕಿ ಮೊಳಕಾಲ್ಮೂರಿಗೆ ಬಂತು. ಹೊರಡುವಾಗ ದನಿ ತಗ್ಗಿಸಿದರು: “ನಿಮ್ದು ಸರಿ ಮಾಡ್ಸಿ ಕೊಡ್ತೀನಿ ಅಜ್ಜಿ. ಟ್ಯಾಬಿನ ವಿಷ್ಯ ಬೀದೀಲಿ ಹೇಳ್ಬೇಡಿ.”

ಅಂದರೆ ಬೇರೆ ಮನೆಗಳಲ್ಲೂ ಹೀಗೇ ಆಗಿದೆ, ಇವರಿಗೆ ಗೊತ್ತು. ನೇಯುವವರು ಒಬ್ಬೊಬ್ಬರೇ ತಂತಮ್ಮ ಗುಂಡಿಯಲ್ಲಿ ತಲೆ ತಗ್ಗಿಸಿ ಕೂರುತ್ತೇವೆ. ಪಕ್ಕದ ಮನೆಯವಳನ್ನು ಕಳ್ಳಿ ಎಂದರೂ ನಮಗೆ ಕೇಳಿಸುವುದಿಲ್ಲ. ಅದನ್ನು ನಂಬಿಕೊಂಡೇ ಇಂಥವರು ನಡೆಯುತ್ತಾರೆ. ಇಷ್ಟು ವರ್ಷ ನೇಯ್ದರೂ ನಾನು ಇದನ್ನು ಕಲಿತದ್ದು ಆ ದಿನವೇ.

ಮಾರನೆಯ ಬೆಳಿಗ್ಗೆ ಲಾಳಿ ಮುಟ್ಟಲಿಲ್ಲ. ಅವರು ಟ್ಯಾಬ್ ಹಿಡಿದು ಹೋದ ಬೀದಿಯಲ್ಲೇ ಹೋಗಿ, ಒಂದೊಂದು ಬಾಗಿಲೂ ತಟ್ಟಿ ಕೇಳಿದೆ: “ನಿಮ್ಮ ಮಗ್ಗಾನೂ ಚಳ್ಳಕೆರೆಗೆ ಹೋಗೈತಾ?”