ನೀಲಿಯ ಕೆಳಗಿನ ಮುಖ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಆ ಚಿತ್ರಕಾರರ ಕೋಟು ಕಂದು ಬಣ್ಣದ್ದು ಅಂತ ನನ್ನ ಡೈರಿಯಲ್ಲಿದೆ, ನೆನಪಿನಲ್ಲಿ ಮಾತ್ರ ಅದು ಹಸಿರು. ವಾಸನೆಯ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಹೋದ ವಾರ ಅತ್ತಿಗೆ ಉಪ್ಸಾಲಾದಿಂದ ಕಳಿಸಿದ ಅಗಸೆ ಚಟ್ನಿಪುಡಿಯ ಪೊಟ್ಟಣ ಬಿಚ್ಚಿದೆ. ಊರಿಂದ ತಂದು ಬಹಳ ದಿನವಾಗಿತ್ತೇನೋ, ಎಣ್ಣೆ ಬಿಟ್ಟು ಕಮಟು ಹಿಡಿದಿತ್ತು. ಲುಂಡ್‌ನ ಈ ಅಡುಗೆಮನೆಯಲ್ಲಿ ನಿಂತವಳಿಗೆ ಅವರ ನೆಲಮಾಳಿಗೆಯ ಬಾಗಿಲು ತೆರೆದಂತಾಯಿತು... ಬಣ್ಣಕ್ಕೆ ಕಲಸುವ ಅಗಸೆ ಎಣ್ಣೆ, ಟರ್ಪೆಂಟೈನ್, ಒದ್ದೆ ಸಿಮೆಂಟು.

ಸಂಶೋಧನೆಗೆಂದು ಸ್ವೀಡನ್ನಿಗೆ ಬಂದ ಮೊದಲ ಎರಡು ವರ್ಷ ನಾನು ಉಪ್ಸಾಲಾದಲ್ಲಿ, ಇಂಜಿನಿಯರ್ ಆಗಿರುವ ಅಣ್ಣನ ಮನೆಯಲ್ಲಿದ್ದೆ. ನಮ್ಮ ಕೆಳಗಿನ ಮನೆಯಲ್ಲಿ ರಷ್ಯದ ಒಬ್ಬ ವಯಸ್ಸಾದ ಚಿತ್ರಕಾರರಿದ್ದರು. ನಮಗೆ ಅವರು ‘ಕೆಳಗಿನ ಅಜ್ಜ’. ನೆಲಮಾಳಿಗೆಯಲ್ಲಿ, ಎಲ್ಲರೂ ಸರದಿಯ ಮೇಲೆ ಬಟ್ಟೆ ಒಗೆಯುವ ಕೋಣೆಯ ಪಕ್ಕ, ಅವರ ಪಾಲಿನ ಉಗ್ರಾಣವೇ ಅವರ ಸ್ಟುಡಿಯೊ. ಒಂದು ದಿನ ಬಟ್ಟೆ ತರಲು ಹೋದಾಗ ಬಾಗಿಲು ತೆರೆದಿತ್ತು. ಚೌಕಟ್ಟಿಗೆ ಅವರು ಬಿಗಿಯುತ್ತಿದ್ದುದು ಪಟ್ಟೆಪಟ್ಟೆಯ ಗಾದಿ ಬಟ್ಟೆ. ನಮ್ಮಪ್ಪ ಗದಗಿನಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವರು; ಆ ಬಟ್ಟೆ ಎಲ್ಲಿದ್ದರೂ ನಾನು ಗುರುತಿಸುತ್ತೇನೆ. ಹಾಗಂದೆ. ಅವರು ಒಂದು ಸ್ಟೂಲು ಎಳೆದುಕೊಟ್ಟರು.

ಅವರ ಕಥೆ ಮುರುಕು ಇಂಗ್ಲಿಷಿನಲ್ಲಿ, ತುಂಡು ತುಂಡಾಗಿ ಬಂತು. ಸೋವಿಯತ್ ಕಾಲದ ಮಾಸ್ಕೋದಲ್ಲಿ ಕಲಾವಿದರ ಸಂಘದ ಸದಸ್ಯರಿಗೆ ಮಾತ್ರ ಕ್ಯಾನ್‌ವಾಸ್ ಸಿಗುತ್ತಿತ್ತಂತೆ. ಸಂಘಕ್ಕೆ ಬೇಕಾದದ್ದು ಟ್ರ್ಯಾಕ್ಟರು, ನಗುವ ಕಾರ್ಮಿಕರು. ಇವರು ಬರೆಯುತ್ತಿದ್ದದ್ದು ಬರೀ ಬಣ್ಣ. ಹಾಗಾಗಿ ಹೊಟ್ಟೆಪಾಡಿಗೆ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ, ಉಳಿದ ಹೊತ್ತು ಗಾದಿ ಬಟ್ಟೆಯ ಮೇಲೆ ಚಿತ್ರ. ಗೆಳೆಯನೊಬ್ಬನ ಮನೆಯಲ್ಲಿ ಇಟ್ಟ ಪ್ರದರ್ಶನ ಒಂದು ಮಧ್ಯಾಹ್ನವೂ ಉಳಿಯಲಿಲ್ಲ. ಪೊಲೀಸರು ಚಿತ್ರಗಳನ್ನು ಲಾರಿಗೆ ತುಂಬಿ ಒಯ್ದರು. ಇವರ ತಲೆ ಸರಿಯಿಲ್ಲ ಎಂಬ ಕಾಗದಕ್ಕೆ ಐದು ಜನ ಸಹಿ ಹಾಕಿದರು. ಐದನೆಯವನು ಆ ಗೆಳೆಯನೇ. ಎಂಟು ತಿಂಗಳು ಆಸ್ಪತ್ರೆ... ಆರು ಅಂದಿದ್ದರೋ.

ಸ್ವೀಡನ್ನಿಗೆ ಬಂದ ಮೇಲೆ ಅವರು ಒಂದು ವಿಧಾನ ಕಂಡುಕೊಂಡರು. ಮೊದಲು ಆ ಐವರಲ್ಲಿ ಒಬ್ಬನ ಮುಖವನ್ನು ಬೂದು ಬಣ್ಣದಲ್ಲಿ, ಹುಬ್ಬಿನ ಕೂದಲನ್ನೂ ಬಿಡದೆ ಬರೆಯುವುದು. ತಿಂಗಳುಗಟ್ಟಲೆ ಒಣಗಲು ಬಿಟ್ಟು, ಆಮೇಲೆ ದಪ್ಪ ಬಣ್ಣ ಹೇರಿ ಪೂರ್ತಿ ಮುಚ್ಚುವುದು. ಅವಸರ ಮಾಡಿದರೆ ಮೇಲಿನ ಬಣ್ಣ ಬಿರಿಯುತ್ತದೆ ಅನ್ನುತ್ತಿದ್ದರು. ಮುಚ್ಚುವುದಾದರೆ ಅಷ್ಟು ಕಷ್ಟಪಟ್ಟು ಬರೆಯುವುದೇಕೆ ಅಂತ ಕೇಳಿದೆ.

“ಮುಖ ಸರಿಯಾಗಿ ಬರದಿದ್ದರೆ ಹೂತದ್ದು ಯಾರನ್ನ ಅಂತ ಹೇಗೆ ಗೊತ್ತಾಗಬೇಕು?”

ಕೊನೆಗೆ ಸ್ಟಾಕ್‌ಹೋಮಿನ ಗ್ಯಾಲರಿಯೊಂದು ಅವರ ಪ್ರದರ್ಶನ ಇಟ್ಟಿತು. ಅಷ್ಟರಲ್ಲಿ ದೊಡ್ಡ ಮನುಷ್ಯನಾಗಿದ್ದ ಆ ಗೆಳೆಯ ಅತಿಥಿಯಾಗಿ ಬಂದು, ಇವರನ್ನು ತಬ್ಬಿಕೊಂಡು, ಹಳದಿ ಚಿತ್ರವೊಂದನ್ನು ಕೊಂಡು ಹೋಗಿ ಮಂಚದ ಮೇಲಿನ ಗೋಡೆಗೆ ಹಾಕಿಕೊಂಡನಂತೆ. ದಿನಾ ತನ್ನದೇ ಗೋರಿಯ ಕೆಳಗೆ ಮಲಗುತ್ತಾನೆ ಅಂತ ಹೇಳಿ ಅಜ್ಜ ಕೆಮ್ಮು ಬರುವಷ್ಟು ನಕ್ಕರು. ನಾನೂ ನಕ್ಕೆ. ಆ ಖುಷಿ ನನಗೆ ಎಷ್ಟು ಹಿಡಿಸಿತ್ತು ಅನ್ನುವುದನ್ನು ಡೈರಿಯಲ್ಲಿ ಬರೆದಿಲ್ಲ.

ಆಮೇಲೆ ಕಟ್ಟಡದ ನಿವಾಸಿಗಳ ಸಂಘದಿಂದ ಕಾಗದ ಬಂತು. ವಾಸನೆ, ಬೆಂಕಿಯ ಅಪಾಯ. ಹದಿನೈದು ದಿನದೊಳಗೆ ಉಗ್ರಾಣ ಖಾಲಿ ಮಾಡಬೇಕು. ದೂರು ಕೊಟ್ಟವರ ಸಹಿಗಳು ಕೆಳಗಿವೆ ಅಂದರು ಅಜ್ಜ. ನನಗೆ ತೋರಿಸುವಾಗ ಆ ಭಾಗವನ್ನು ಮಡಿಚಿ ಹಿಡಿದಿದ್ದರು... ಅಥವಾ ನಾನೇ ಅಷ್ಟು ಕೆಳಗೆ ಓದಲಿಲ್ಲವೇ?

ಮೇಲೆ ಬಂದು ಸಿಟ್ಟಿನಲ್ಲಿ ಹೇಳಿದರೆ ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. “ಸ್ಮೆಲ್ ಅಂತೂ ಇತ್ತಲ್ವಾ. ನಾವು ಹೊರಗಿನವರು, ಇದ್ರಲ್ಲೆಲ್ಲ ತಲೆ ಹಾಕ್ಬಾರ್ದು.”

ಖಾಲಿ ಮಾಡಿದ ದಿನ ಅರ್ಧದಷ್ಟು ಚಿತ್ರಗಳು ಕಸದ ಕಂಟೇನರಿಗೆ ಹೋದವು. ಒಂದು ನೀಲಿ ಚಿತ್ರವನ್ನು, ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು, ಅಜ್ಜ ನನಗೆ ಕೊಟ್ಟರು. “ನಿಮ್ಮಣ್ಣ ಊಟಕ್ಕೆ ಕೂರುವ ಜಾಗದ ಎದುರಿಗೇ ಹಾಕು,” ಅಂದರು. ಪ್ರೀತಿಯಿಂದ ಕೊಟ್ಟದ್ದು ಅಂದುಕೊಂಡೆ. ಈದ್‌ಗೆ ಬಂದವರಿಗೆಲ್ಲ ಅಣ್ಣ ಅದನ್ನು ತೋರಿಸಿ, ರಷ್ಯನ್ ಆರ್ಟಿಸ್ಟ್ ಕೊಟ್ಟ ಗಿಫ್ಟ್ ಅಂತ ಹೆಮ್ಮೆಪಡುತ್ತಿದ್ದ. ಅಜ್ಜ ಮರುವರ್ಷ ವೃದ್ಧಾಶ್ರಮದಲ್ಲಿ ತೀರಿಕೊಂಡರು. ಬಣ್ಣ, ಕುಂಚ ಯಾವುದೂ ಜೊತೆಗಿರಲಿಲ್ಲವಂತೆ. ನಾನು ಒಮ್ಮೆಯೂ ನೋಡಲು ಹೋಗಲಿಲ್ಲ.

ಲುಂಡ್‌ಗೆ ಬರುವಾಗ ಚಿತ್ರ ನನ್ನ ಜೊತೆ ಬಂತು. ಈ ಚಳಿಗಾಲದಲ್ಲಿ ನೀಲಿ ಬಿರಿದು, ಮೂಲೆಯಲ್ಲಿ ಒಂದು ಚೂರು ಉದುರಿತು. ಒಣಗಲು ಬಿಡದೆ ಮುಚ್ಚಿದ್ದಾರೆ. ಒಳಗೆ ಕಾಣುವುದು ಬೂದು ಬಣ್ಣದ ಕಿವಿಯ ತುದಿ, ಕನ್ನಡಕದ ಕಡ್ಡಿ. ಕನ್ನಡಕ ಅಣ್ಣನಿಗೂ ಇದೆ, ಮಾಸ್ಕೋದ ಆ ಐವರಲ್ಲಿ ಯಾರಿಗೋ ಇದ್ದಿರಲೂಬಹುದು. ಬ್ಲೇಡಿನಿಂದ ಕೆರೆದರೆ ಗೊತ್ತಾಗುತ್ತದೆ. ಆದರೆ ಅಜ್ಜನ ಚಿತ್ರ ಉಳಿಯುವುದಿಲ್ಲ. ಅದು ಅಣ್ಣನೇ ಆಗಿರಲಿ ಅಂತ ನನಗೇ ಆಸೆಯಿದೆ, ಅದಕ್ಕೇ ಅವನ ಕಿವಿ ಕಾಣುತ್ತಿದೆಯೇನೋ ಎಂಬ ಭಯವೂ ಇದೆ. ನನ್ನ ಸಿಟ್ಟಿನ ಬಗ್ಗೆ ಮಾತ್ರ ಅಂಥ ಗೊಂದಲವಿಲ್ಲ.

ಈ ಸಲ ಈದ್‌ಗೆ ಅಣ್ಣ, ಅತ್ತಿಗೆ ಇಲ್ಲಿಗೆ ಬರುತ್ತಾರೆ. ಚಿತ್ರವನ್ನು ಊಟದ ಮೇಜಿನ ಮುಂದಿನ ಗೋಡೆಗೆ ಹಾಕಿ, ಅಣ್ಣನ ಕುರ್ಚಿಯನ್ನು ಅದರ ಎದುರಿಗೇ ಇಟ್ಟಿದ್ದೇನೆ. ಉದುರಿದ ಮೂಲೆಯ ಫೋಟೊ ತೆಗೆದು ಅವನಿಗೆ ಕಳಿಸಿದೆ. ನೋಡಿದ್ದಾನೆ. ಮಾರನೇ ದಿನ ಫೋನ್ ಮಾಡಿ ಚಟ್ನಿಪುಡಿ ಕೆಟ್ಟಿರಲಿಲ್ಲ ತಾನೇ ಅಂತ ವಿಚಾರಿಸಿ ಇಟ್ಟುಬಿಟ್ಟ. ಫೋಟೊದ ಕೆಳಗೆ ನಾನು ಕೇಳಿದ್ದು ಇಷ್ಟೇ: “ಅಣ್ಣಾ, ಆ ಕಾಗದದಲ್ಲಿ ನಿನ್ನ ಸಹಿಯೂ ಇತ್ತಾ?”