ಕಳ್ಳ ಓದಿದ ಕಾಗದ

ನೋಟೀಸು ಬಂದರೆ ಉತ್ತರ ಕೊಡಲೇಬೇಕು. ಟಿ. ನರಸೀಪುರದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸವೆದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿನಲ್ಲಿ ನನ್ನ ಇ-ಮೇಲ್ ತೆಗೆದರೆ, ಇಂಗ್ಲಿಷಿನಲ್ಲಿ ‘ಕೊನೆಯ ನೋಟೀಸು’ ಬಂದು ಕೂತಿತ್ತು. ಎರಡು ದಿನದೊಳಗೆ ಪಾಸ್‌ವರ್ಡ್ ತಿಳಿಸದಿದ್ದರೆ ಖಾತೆ ರದ್ದು ಅಂತೆ.

ಖಾತೆ ಹೋದರೆ ನನಗಿದ್ದ ಒಬ್ಬನೇ ಗೆಳೆಯ ಹೋದಂತೆ. ನಂಜನಗೂಡಿನಲ್ಲಿ ಆರು ವರ್ಷ ಒಂದೇ ರೂಮಿನಲ್ಲಿದ್ದವರು ನಾವು. ಅವನು ತಾಂಡ್ಯದ ಫ್ಯಾಕ್ಟರಿಯಿಂದ ಬರುವಷ್ಟರಲ್ಲಿ ನಾನು ಸ್ಟೌವಿನ ಮೇಲೆ ಅನ್ನ ಇಟ್ಟಿರುತ್ತಿದ್ದೆ. ಆಮೇಲೆ ಅವನು ರೈಲ್ವೆ ಕೆಲಸ ಸಿಕ್ಕಿ ಗುವಾಹಟಿಗೆ ಹೋದ, ನನಗೆ ನರಸೀಪುರಕ್ಕೆ ವರ್ಗವಾಯಿತು. ನನಗೆ ಮದುವೆ ಕೂಡಿಬರಲಿಲ್ಲ. ಅವನ ಫೋನ್ ನಂಬರು ಬದಲಾಗಿತ್ತು, ಮೇಲ್ ಬಂದು ಎರಡು ವರ್ಷವಾಗಿತ್ತು. ಆದರೂ ವಾರಕ್ಕೊಂದು ಸಲ ಹೋಗಿ ನೋಡುತ್ತಿದ್ದೆ. ಆಸೆ, ಇನ್ನೇನು!

ಸರಿ, ನೋಟೀಸಿಗೆ ಉತ್ತರ ಬರೆದೆ. ಸುಮ್ಮನೆ ಬರೆದೆನೇ? ಮೊದಲು ಹಾಳೆಯ ಮೇಲೆ ಕರಡು ಮಾಡಿ, ಮಾನ್ಯರೇ ಎಂದು ಶುರು ಮಾಡಿ, ವಿಷಯ, ಉಲ್ಲೇಖ ಎಲ್ಲ ಹಾಕಿ, ಪಾಸ್‌ವರ್ಡನ್ನು ಪ್ರತ್ಯೇಕ ಸಾಲಿನಲ್ಲಿ ಕೊಟ್ಟು, ‘ತಮ್ಮ ವಿಶ್ವಾಸಿ’ ಎಂದು ಮುಗಿಸಿದೆ. ಸ್ವೀಕೃತಿ ಪತ್ರ ಕಳಿಸಿ ಎಂದೂ ಕೋರಿದ್ದೆ. ನನ್ನ ಬುದ್ಧಿಗೆ ಬೆಂಕಿ ಹಾಕ!

ಮುಂದಿನ ವಾರ ಹೋದರೆ ಖಾತೆ ತೆರೆಯಲೇ ಇಲ್ಲ. ಸೆಂಟರಿನ ಯಜಮಾನ ನಾನು ತೋರಿಸಿದ ಕರಡು ಓದಿ ಹಣೆ ಚಚ್ಚಿಕೊಂಡ.

“ಅಯ್ಯೋ ಸಾ, ಕಳ್ಳನ್ಗೆ ಅರ್ಜಿ ಬರ್ದು ಬೀಗದ ಕೈ ಕೊಟ್ಟಿದ್ದೀರಲ್ಲಾ!”

ಪುಣ್ಯಕ್ಕೆ, ಪಾಸ್‌ವರ್ಡ್ ಮರೆತವರಿಗೆ ಕೇಳುವ ಗುಟ್ಟಿನ ಪ್ರಶ್ನೆಯನ್ನು ಕಳ್ಳ ಬದಲಾಯಿಸಿರಲಿಲ್ಲ. ಮೊದಲು ಓದಿದ ಶಾಲೆ ಯಾವುದು? ಹೆಮ್ಮರಗಾಲ ಎಂದು ಒತ್ತಿದೆ. ಹೊಸ ಪಾಸ್‌ವರ್ಡ್ ಹಾಕಿದ ಮೇಲೆ ಖಾತೆ ತೆರೆಯಿತು. ನನ್ನ ಹೆಸರಿನಲ್ಲಿ ಎಲ್ಲರಿಗೂ ಒಂದು ಮೇಲ್ ಹೋಗಿತ್ತು: ಲಂಡನ್ನಿನಲ್ಲಿ ಬ್ಯಾಗು ಕಳೆದುಕೊಂಡು ದಿಕ್ಕೆಟ್ಟಿದ್ದೇನೆ, ದುಡ್ಡು ಕಳಿಸಿ. ಮೈಸೂರು ಜಿಲ್ಲೆ ದಾಟದ ನಾನು, ಲಂಡನ್ನಿನಲ್ಲಿ!

ಅದಕ್ಕೆ ಒಬ್ಬನೇ ಉತ್ತರ ಬರೆದಿದ್ದ. ಅವನೇ, ನನ್ನ ಗುವಾಹಟಿಯ ಗೆಳೆಯ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಒಂದು ಪುಟ. ಕಳ್ಳ ಅದನ್ನು ನನಗಿಂತ ಮೊದಲೇ ತೆರೆದಿದ್ದ.

“ಯಾರ ಮಾತು ಕೇಳ್ಕೊಂಡು ಅಲ್ಲಿಗೆ ಹೋದೆಯೋ? ಊಟ ಮಾಡಿದ್ಯಾ? ಎರಡು ದಿನದಿಂದ ನಿದ್ದೆ ಇಲ್ಲ ಕಣೋ. ಇಷ್ಟು ದಿನ ಬರೀದೇ ಇದ್ದದ್ದು ನಂದೇ ತಪ್ಪು. ಹದಿನೈದು ದಿನ ರಜ ಹಾಕಿದೀನಿ, ನರಸೀಪುರಕ್ಕೆ ಬಂದು ನಿಮ್ಮ ಆಫೀಸಲ್ಲೇ ವಿಚಾರಿಸ್ತೀನಿ.”

ಮೂರು ಸಲ ಓದಿದೆ. ಕಣ್ಣು ತುಂಬಿತು, ಹೇಳಿಕೊಳ್ಳಲು ನಾಚಿಕೆ ಏನು ಬಂತು. ನಾನು ಸುಮ್ಮನಿದ್ದರೆ ಸಾಕಿತ್ತು, ಅವನು ಬರುತ್ತಿದ್ದ. ರೂಮಿನಲ್ಲಿ ಅವನಿಗೆ ಎಲ್ಲಿ ಹಾಸಿಗೆ ಹಾಕುವುದೆಂದು ಆಗಲೇ ಯೋಚಿಸತೊಡಗಿದ್ದೆ.

“ಬೇಗ ತಿಳಿಸ್ಬುಡಿ ಸಾ, ಪಾಪ, ದುಡ್ಡುಗಿಡ್ಡು ಕಳಿಸ್ಬುಟ್ಟಾರು,” ಎಂದ ಯಜಮಾನ.

ಅದೂ ನಿಜವೇ. ‘ಅದು ನಾನಲ್ಲ, ಯಾರೋ ಕಳ್ಳ. ನಾನು ಇಲ್ಲೇ ಕ್ಷೇಮವಾಗಿದ್ದೇನೆ’ ಎಂದು ಬರೆದೆ. ಕೆಳಗೆ ‘ರಜ ಹೇಗೂ ಹಾಕಿದ್ದೀಯ, ಒಂದು ಸಲ ಬಂದು ಹೋಗೋ’ ಎಂದು ಸೇರಿಸಿದೆ. ಎರಡು ವರ್ಷ ಮರೆತವನನ್ನು ನಾನು ಅಂಗಲಾಚಬೇಕೇ ಎಂದು ಬಿಂಕ ಬಂತು. ಆ ಸಾಲನ್ನು ಅಳಿಸಿ ಕಳಿಸಿದೆ.

ಮಾರನೆಯ ದಿನವೇ ಉತ್ತರ ಬಂತು. “ಸದ್ಯ, ಜೀವ ಬಂತು. ರಜ ಕ್ಯಾನ್ಸಲ್ ಮಾಡಿಸ್ದೆ. ಹುಷಾರು ಕಣೋ.”

ಕರೆದಿದ್ದರೆ ಬರುತ್ತಿದ್ದ. ನಾನು ಕರೆಯಲಿಲ್ಲ.