ಭೋಜಣ್ಣನ ಬೇಸ್‌ಬಾಲ್

ಕಾರ್ಕಳ ಬಸ್ ನಿಲ್ದಾಣದ ಎದುರಿನ ಭೋಜಣ್ಣನ ಕ್ಯಾಂಟೀನು ಬೆಳಗ್ಗೆ ಐದಕ್ಕೇ ತೆರೆಯುತ್ತದೆ. ಬನ್ಸ್ ಎಣ್ಣೆಗೆ ಬೀಳುವ ಹೊತ್ತಿಗೆ ಗೋಡೆಯ ಟಿವಿಯಲ್ಲಿ ಬೇಸ್‌ಬಾಲ್ ಶುರುವಾಗಿರುತ್ತದೆ. ಅಮೆರಿಕದವರ ಸಂಜೆಯ ಆಟ ಇಲ್ಲಿಯವರಿಗೆ ಬೆಳಗಿನ ಚಹಾದ ಜೊತೆ ಸಿಗುತ್ತದೆ. ಗಿರಾಕಿಗಳಿಗೆ ಅದು ಬೇಕೋ ಬೇಡವೋ, ಭೋಜಣ್ಣ ಕೇಳಿದವನಲ್ಲ.

ಈ ಹುಚ್ಚು ಹತ್ತಿದ್ದು ಜಪಾನಿನಲ್ಲಿ. ಹನ್ನೆರಡು ವರ್ಷ ಸರಕು ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವನು ಅವನು. ಒಮ್ಮೆ ಎಂಜಿನ್ ಕೆಟ್ಟು ಹಡಗು ಕೋಬೆ ಬಂದರಿನಲ್ಲಿ ಇಪ್ಪತ್ತು ದಿನ ನಿಂತಿತು. ಆಗ ಅಲ್ಲಿನ ಕಾವಲುಗಾರನೊಬ್ಬ ಅವನನ್ನು ಆಟಕ್ಕೆ ಕರೆದೊಯ್ದ. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಹಾಡು ಕಟ್ಟಿ ಜನ ಎದ್ದುನಿಂತು ಹಾಡುತ್ತಿದ್ದರು. ಔಟಾಗಿ ಹೋದವನು ಮತ್ತೆ ಬಂದಾಗಲೂ ಅದೇ ಹಾಡು, ಅಷ್ಟೇ ಜೋರು. ಒಂದಕ್ಷರ ತಿಳಿಯದ ಭೋಜಣ್ಣನೂ ಬಾಯಿ ಸೇರಿಸಿದ್ದ.

“ಇದು ಎಂತ ಆಟ ಮಾರಾಯ್ರೆ?” ಎನ್ನುತ್ತಿದ್ದ ಬಸ್ ಚಾಲಕ ರೊಸಾರಿಯೊ. “ಒಂದು ಗಂಟೆ ಆಯ್ತು, ಇನ್ನೂ ಸೊನ್ನೆ-ಸೊನ್ನೆ.”

“ಯಕ್ಷಗಾನಕ್ಕೆ ಹೋದವ ಗಡಿಯಾರ ನೋಡ್ತಾನಾ? ಪ್ರಸಂಗ ಮುಗಿಯುವಾಗ ಮುಗಿಯುತ್ತದೆ. ನೀನು ಚಹಾ ಕುಡಿ.”

ಕಳೆದ ಜನವರಿಯ ಒಂದು ಭಾನುವಾರ ಉಚ್ಚಿಲದಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟವಿತ್ತು. ರೊಸಾರಿಯೊ ಸಂಘಟಕರಲ್ಲೊಬ್ಬ. ಮಧ್ಯಾಹ್ನದ ಹೊತ್ತಿಗೆ ವೀಕ್ಷಕ ವಿವರಣೆ ಕೊಡುವವನ ಗಂಟಲು ಕಟ್ಟಿಹೋಯಿತು. ಆಟ ನೋಡಲು ಬಂದಿದ್ದ ಭೋಜಣ್ಣನ ಕೈಗೆ ರೊಸಾರಿಯೊ ಮೈಕ್ ತುರುಕಿದ. “ಕ್ಯಾಂಟೀನಿನಲ್ಲಿ ಮಾತಾಡುವಷ್ಟು ಮಾತಾಡಿ, ಸಾಕು.”

ಭೋಜಣ್ಣ ಮೊದಲ ಎರಡು ಓವರ್ ಬರೀ ಓಟಗಳನ್ನು ಹೇಳಿದ. ಅಷ್ಟರಲ್ಲಿ ಹೆಬ್ರಿ ತಂಡದ ಜಿತೇಶ್ ಬ್ಯಾಟ್ ಹಿಡಿದು ಬಂದ. ಬ್ಯಾಂಕಿನ ಗುಮಾಸ್ತ, ಹಿಂದಿನ ಎರಡು ಪಂದ್ಯಗಳಲ್ಲೂ ಅವನದು ಸೊನ್ನೆ. “ಮನೆಗೆ ಹೋಗು” ಎಂದು ಜನ ಕೂಗತೊಡಗಿದರು. ಜಿತೇಶ್ ತಲೆ ತಗ್ಗಿಸಿದ. ಅದನ್ನು ನೋಡಿ ಭೋಜಣ್ಣನಿಗೆ ತಡೆಯಲಾಗಲಿಲ್ಲ.

“ಸಿನೆಮಾದ ಹೀರೋ ಹತ್ತು ಜನ ಬಂದರೆ ಹತ್ತೂ ಜನರನ್ನು ಹೊಡೆಯುತ್ತಾನೆ,” ಎಂದ ಮೈಕಿನಲ್ಲಿ. “ಬೇಸ್‌ಬಾಲಿನ ಹೀರೋ ಹತ್ತು ಸಲ ಬಂದರೆ ಏಳು ಸಲ ಸೋಲುತ್ತಾನೆ. ಆದರೂ ಅವನನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ಈ ಇಬ್ಬರಲ್ಲಿ ನಮ್ಮ ಹಾಗೆ ಇರುವವ ಯಾರು ಹೇಳಿ? ಜಿತೇಶ್ ಸೋತದ್ದು ಎರಡೇ ಸಲ. ಇನ್ನೂ ಐದು ಬಾಕಿ ಉಂಟು.”

ಜನ ನಕ್ಕರು. ಜಿತೇಶನೂ ನಕ್ಕ, ಅವನ ಬಿಗಿದ ಭುಜ ಸಡಿಲಾಯಿತು. ಅದೇ ಹುಮ್ಮಸ್ಸಿನಲ್ಲಿ ಭೋಜಣ್ಣ ಕೋಬೆಯ ಧಾಟಿಗೆ “ಜಿತೇಶ್, ಹೆಬ್ರಿಯ ಜಿತೇಶ್” ಎಂದು ಹಾಡಿಯೇಬಿಟ್ಟ. ಹೆಬ್ರಿಯವರು ತಾಳ ಹಾಕಿದರು, ಸ್ವಲ್ಪ ಹೊತ್ತಿಗೆ ಉಚ್ಚಿಲದವರೂ ದನಿಗೂಡಿಸಿದರು. ಜಿತೇಶ್ ಹೊಡೆದದ್ದು ಏಳೇ ಓಟ. ಹೆಬ್ರಿ ತಂಡ ಸೋತಿತು. ಆದರೆ ಔಟಾಗಿ ಮರಳುವಾಗ ಚಪ್ಪಾಳೆ ಬಿದ್ದದ್ದು ಅವನಿಗೇ. ಅವನು ನೇರ ಮೈಕಿನ ಬಳಿಗೆ ಬಂದ.

“ಅಣ್ಣ, ಆ ಹಾಡು ಇನ್ನೊಮ್ಮೆ ಹೇಳ್ತೀರಾ? ನನ್ನ ಹೆಂಡತಿ ನಗ್ತಾ ನಗ್ತಾ ವಿಡಿಯೋ ಮಾಡಲಿಕ್ಕೆ ಮರೆತಿದ್ದಾಳೆ.”

ಭೋಜಣ್ಣ ಮತ್ತೆ ಹಾಡಿದ.

ಈಗ ಮೈಕ್ ಹಿಡಿಯಲು ಕಾಪು, ಮಣಿಪಾಲದಿಂದಲೂ ಕರೆ ಬರುತ್ತದೆ. ಮೊನ್ನೆ ಇಸ್ತ್ರಿ ಮಾಡಿದ ಅಂಗಿ ಕೊಡುತ್ತಾ ಹೆಂಡತಿ ಕುಶಲಾ, “ಮೈದಾನದಲ್ಲಿ ಅಷ್ಟು ಮಾತಾಡ್ತೀರಿ. ಮನೆಯಲ್ಲಿ ಸಾರಿಗೆ ಉಪ್ಪು ಸಾಕಾ ಅಂತ ಕೇಳಿದರೆ ಉತ್ತರವೇ ಇಲ್ಲ, ಅಲ್ವಾ?” ಎಂದಳು.

“ಉಪ್ಪು ಸರಿ ಇತ್ತು. ಮತ್ತೆ ಹೇಳಲಿಕ್ಕೆ ಎಂತ ಉಂಟು?” ಎಂದ ಭೋಜಣ್ಣ, ಗುಂಡಿ ಹಾಕಿಕೊಳ್ಳುತ್ತಾ ನಗು ಅಡಗಿಸಲು ನೋಡಿದ.